ಪ್ಲಾಸ್ಮಾ ಪ್ರಯೋಗಕ್ಕ ಯಾವ ಮೀಡಿಯಾ ಛಲೋ? ಡಿಎಂಇಎಂ, ಆರ್‌ಪಿಎಂಐ, ಪಿಬಿಎಸ್, ಆರ್‌ಎಲ್ ಎಲ್ಲಾ ಇಟ್ಟು ನೋಡಿದ್ದು

ಕೋಲ್ಡ್ ಪ್ಲಾಸ್ಮಾ ಜೆಟ್ ಹಿಡಿದು ಕ್ಯಾನ್ಸರ್ ಸೆಲ್ ಮ್ಯಾಲ ಕೆಲಸ ಶುರು ಮಾಡೋರು ಎಲ್ಲಾರೂ ಮೊದಲ ಕೇಳೋದು ವೋಲ್ಟೇಜ್ ಎಷ್ಟು ಇಡಬೇಕ್ರಿ, ಗ್ಯಾಸ್ ಫ್ಲೋ ಎಷ್ಟು, ನಾಝಲ್ ಎಷ್ಟು ಎತ್ತರ ಇರಬೇಕು ಅಂತ. ಮೀಡಿಯಾ, ಅಂದ್ರ ಸೆಲ್ ಬೆಳೆಸೋ ಪೋಷಕ ದ್ರಾವಣ, ಯಾವುದು ಹಾಕಬೇಕು ಅಂತ ಯಾರೂ ಕೇಳಂಗಿಲ್ಲ, ಫ್ರಿಜ್ಜಿನಾಗ ಯಾವ ಬಾಟ್ಲಿ ಒಡದಿಟ್ಟಿರತೈತಿ ಅದನ್ನ ತಗದು ಹಾಕಿ ಬಿಡ್ತಾರ. ನಾನೂ ಹಂಗ ಮಾಡಿ ಮೂರು ವಾರ ಕಳಕೊಂಡೆ. ಅದಕ್ಕ ಇದನ್ನ ಬರಿಯಾಕತ್ತೀನಿ, ಬೆಳಗಾವಿ, ವಿಜಯಪುರ, ಬಾಗಲಕೋಟಿ ಕಡೆ ಯಾರರ ಹೊಸದಾಗಿ ಈ ಕೆಲಸಕ್ಕ ಇಳಿಯೋರಿದ್ರ ಅವರ ಮೂರು ವಾರ ಉಳೀಲಿ ಅಂತ.

ಮೊದಲ ಒಂದ್ ಮಾತು, ಇಲ್ಲಿ ಪ್ಲಾಸ್ಮಾ ಅಂದ್ರ ರಕ್ತದಾಗಿನ ಪ್ಲಾಸ್ಮಾ ಅಲ್ರಿ. ಆರ್ಗಾನ್ ಇಲ್ಲಾ ಹೀಲಿಯಂ ಗ್ಯಾಸಿಗೆ ಹೈ ವೋಲ್ಟೇಜ್ ಕೊಟ್ಟಾಗ ನಾಝಲಿಂದ ಹೊರಗ ಬರೋ ಆ ನೀಲಿ ನೇರಳೆ ನಾಲಿಗಿ, ಬೆರಳು ಹಿಡಿದ್ರೂ ಸುಡಂಗಿಲ್ಲ, ಆ ಪ್ಲಾಸ್ಮಾ.

ನನಗ ಆಗಿದ್ದು ಏನಂದ್ರ, ಎ549 ಅಂತ ಶ್ವಾಸಕೋಶದ ಕ್ಯಾನ್ಸರ್ ಸೆಲ್, ಪುಣೆಯ ಎನ್‌ಸಿಸಿಎಸ್ ಅನ್ನೋ ಸೆಲ್ ಬ್ಯಾಂಕಿನಿಂದ ತರಿಸಿದ್ದು, 24 ಗುಂಡಿ ಪ್ಲೇಟಿನಾಗ ಬೆಳೆಸಿ ಎರಡು ಮಿನಿಟು ಜೆಟ್ ಹಿಡದ್ರ ಮರುದಿನ ಅರ್ಧಕ್ಕಿಂತ ಹೆಚ್ಚು ಸತ್ತಿರತಿದ್ವು, ಎರಡು ಸಲ ಹಂಗ ಬಂತು, ಭಾಳ ಖುಷಿ ಆತು. ಆಮ್ಯಾಲ ಹೊಸ ಬಾಟ್ಲಿ ಮೀಡಿಯಾ ಒಡದ್ವಿ, ಅವತ್ತಿಂದ ಒಂದ್ ಸೆಲ್ಲೂ ಸಾಯವಲ್ದು! ಆರ್ಗಾನ್ ಸಿಲಿಂಡರ್ ಬದಲಿ ಮಾಡಿದ್ವಿ, ಎಲೆಕ್ಟ್ರೋಡ್ ಬಿಚ್ಚಿ ತಿಕ್ಕಿದ್ವಿ, ಸೆಲ್ ಜೀವ ಐತೋ ಇಲ್ಲೋ ತೋರಿಸೋ ಎಂಟಿಟಿ ಪುಡಿ ಹೊಸದು ಕಲಸಿದ್ವಿ, ಹೊರಗ ನೋಡಿದ್ರ ಜುಲೈ ತಿಂಗಳ ಜಡಿಮಳಿ, ಅದರದ ಏನರ ಇರಬೇಕು ಅಂತ ಅದನ್ನೂ ಅನುಮಾನ ಪಟ್ವಿ. ಕಡೀಕ ನಮ್ಮ ಮೇಡಂ ಎರಡೂ ಬಾಟ್ಲಿ ಬಾಜೂಕ ಇಟ್ಟು ಲೇಬಲ್ ಓದ್ರಿ ಅಂದ್ರು. ಎರಡೂ ಡಿಎಂಇಎಂ ಅನ್ನೋ ಮೀಡಿಯಾ, ಎರಡೂ ಹೈ ಗ್ಲೂಕೋಸ್, ಎರಡೂ ಅದ ಕೆಂಪು ಬಣ್ಣ. ಹೊಸಾದರ ಮ್ಯಾಲ ಸಣ್ಣ ಅಕ್ಷರದಾಗ ಒಂದ್ ಸಾಲು ಜಾಸ್ತಿ ಇತ್ತು, ಸೋಡಿಯಂ ಪೈರುವೇಟ್ ಸೇರಿಸಿದ್ದು ಅಂತ. ಅಷ್ಟ.

ಯಾಕ ಹಂಗಾತು ಅಂದ್ರ ಜೆಟ್ ಹಿಡದಾಗ ಸೆಲ್ ಮ್ಯಾಲ ಬೀಳೋದು ಬೆಂಕಿ ಅಲ್ಲ, ರಾಸಾಯನಿಕ. ಪ್ಲಾಸ್ಮಾ ಗಾಳಿ ಜೋಡಿ, ನೀರಿನ ಆವಿ ಜೋಡಿ ಕೂಡಿ ಹೈಡ್ರಾಕ್ಸಿಲ್ ರ್ಯಾಡಿಕಲ್, ಆಟಮಿಕ್ ಆಕ್ಸಿಜನ್, ನೈಟ್ರಿಕ್ ಆಕ್ಸೈಡ್, ಓಝೋನ್ ಇಂಥಾವ ಹುಟ್ಟಸ್ತೈತಿ. ಇವು ಒಳಗ ಭಾಳ ಮಂದಿ ಕಣ್ಣು ಮುಚ್ಚಿ ತಗಿಯೂದ್ರಾಗ ಸತ್ತು ಹೋಗತಾವು, ಮೀಡಿಯಾದಾಗ ಉಳಿಯೋದು ಹೈಡ್ರೋಜನ್ ಪೆರಾಕ್ಸೈಡ್, ನೈಟ್ರೈಟ್, ನೈಟ್ರೇಟ್ ಈ ಮೂರು. ಮರುದಿನ ಸೆಲ್ ಸತ್ತಿದ್ದಕ್ಕ ಬಹುಪಾಲು ಕಾರಣ ಪೆರಾಕ್ಸೈಡ್, ಅದರ ಜೋಡಿ ನೈಟ್ರೈಟ್ ಇದ್ರ ಇನ್ನಷ್ಟು ಜೋರು. ಹಂಗಾದ್ರ ಜೆಟ್ಟಿಗೂ ಸೆಲ್ಲಿಗೂ ನಡುವ ಇರೋ ಆ ಅರ್ಧ ಮಿಲಿ, ಒಂದ್ ಮಿಲಿ ಮೀಡಿಯಾದಾಗ ಪೆರಾಕ್ಸೈಡ್ ತಿನ್ನೋ ಸಾಮಾನು ಏನೇನೈತಿ ಅನ್ನೋದ ಡೋಸ್ ಎಷ್ಟು ಅಂತ ಠರಾಯಿಸ್ತೈತಿ. ನೀವು ಟೈಮರ್ ಹಚ್ಚಿದ ಎರಡು ಮಿನಿಟು ಡೋಸ್ ಅಲ್ಲ.

ಪೈರುವೇಟ್ ಪೆರಾಕ್ಸೈಡ್ ಜೋಡಿ ನೇರ ಕೂಡತೈತಿ, ಯಾವ ಎನ್‌ಝೈಮೂ ಬೇಕಾಗಂಗಿಲ್ಲ, ಕೂಡಿ ಅಸಿಟೇಟ್, ಕಾರ್ಬನ್ ಡೈ ಆಕ್ಸೈಡ್, ನೀರು ಆಗಿ ಹೋಗತೈತಿ. ಡಿಎಂಇಎಂಗೆ ಪೈರುವೇಟ್ ಹಾಕಿದ್ರ ಲೀಟರಿಗೆ 110 ಮಿಲಿಗ್ರಾಂ ಹಾಕ್ತಾರ, ಅಂದ್ರ ಸುಮಾರು 1 ಮಿಲಿಮೋಲಾರ್, 1000 ಮೈಕ್ರೋಮೋಲಾರ್. ಒಂದೆರಡು ಮಿನಿಟಿನ ಜೆಟ್ಟಿಂದ ಬರೋ ಪೆರಾಕ್ಸೈಡ್ ಹತ್ತಾರು ಮೈಕ್ರೋಮೋಲಾರಿಂದ ಕೆಲವು ನೂರು ಅಷ್ಟ. ಲೆಕ್ಕ ನೀವ ಹಾಕ್ರಿ. ಸ್ವಲ್ಪ ಹೊತ್ತಿನಾಗ ಬಹುತೇಕ ಪೆರಾಕ್ಸೈಡ್ ಖಾಲಿ, ಸೆಲ್ಲಿಗೆ ಮುಟ್ಟೋದು ಚೂರು. ಅದಕ್ಕ ನನ್ನ ಪ್ರಕಾರ ಆಯ್ಕೆ ಮಾಡೋ ಮುಂದ ಮೊದಲ ಕೇಳಬೇಕಾದ ಪ್ರಶ್ನೆ ಡಿಎಂಇಎಂ ಬೇಕೋ ಆರ್‌ಪಿಎಂಐ ಬೇಕೋ ಅಂತ ಅಲ್ಲ, ಪೈರುವೇಟ್ ಐತೋ ಇಲ್ಲೋ ಅಂತ. ಇದೊಂದು ಸರಿ ಹಿಡದ್ರ ಉಳಿದದ್ದು ಎಲ್ಲಾ ಅದಕ್ಕಿಂತ ಸಣ್ಣ ಫರಕು.

ಈಗ ಡಿಎಂಇಎಂ ಮತ್ತ ಆರ್‌ಪಿಎಂಐ 1640 ಎರಡನ್ನೂ ಇಟ್ಟು ನೋಡೂಣು. ಆರ್‌ಪಿಎಂಐ ಅಮೇರಿಕಾದ ರಾಸ್‌ವೆಲ್ ಪಾರ್ಕ್ ಮೆಮೋರಿಯಲ್ ಇನ್‌ಸ್ಟಿಟ್ಯೂಟಿನಾಗ 1960ರ ದಶಕದಾಗ ರಕ್ತದ ಸೆಲ್ಲಿನ ಸಲುವಾಗಿ ಮಾಡಿದ್ದು, ಡಿಎಂಇಎಂ ಈಗಲ್ ಅವರ ಮೀಡಿಯಾನ ಡುಲ್‌ಬೆಕ್ಕೋ ತಿದ್ದಿದ್ದು. ಮಾಮೂಲಿ ಆರ್‌ಪಿಎಂಐದಾಗ ಪೈರುವೇಟ್ ಇರಂಗಿಲ್ಲ, ಡಿಎಂಇಎಂ ಎರಡೂ ನಮೂನಿ ಸಿಗತೈತಿ, ಗೊಂದಲ ಹುಟ್ಟೋದ ಅಲ್ಲೆ. ಆರ್‌ಪಿಎಂಐದಾಗ ಗ್ಲುಟಾಥಿಯೋನ್ ಇರತೈತಿ, ಲೀಟರಿಗೆ 1 ಮಿಲಿಗ್ರಾಂ, ಹೆಸರು ಕೇಳಿ ಆಂಟಿಆಕ್ಸಿಡೆಂಟ್ ಅಂತ ಹೆದರತಾರ ಆದ್ರ ಅದು ಲೆಕ್ಕಕ್ಕ ಹಿಡದ್ರ ಸುಮಾರು 3 ಮೈಕ್ರೋಮೋಲಾರ್ ಅಷ್ಟ, ನೂರಾರು ಮೈಕ್ರೋಮೋಲಾರ್ ಪೆರಾಕ್ಸೈಡ್ ಮುಂದ ಏನೂ ಅಲ್ಲ. ಅಮೈನೋ ಆಸಿಡ್ ನೋಡಿದ್ರ ಡಿಎಂಇಎಂ ಜಾಸ್ತಿ ಶ್ರೀಮಂತ: ಮೆಥಿಯೋನಿನ್ ಲೀಟರಿಗೆ 30 ಮಿಲಿಗ್ರಾಂ, ಆರ್‌ಪಿಎಂಐದಾಗ 15. ಟ್ರಿಪ್ಟೋಫ್ಯಾನ್ 16, ಅಲ್ಲಿ 5. ಟೈರೋಸಿನ್ ಅಂತೂ ಮೂರು ಪಟ್ಟಿಗಿಂತ ಹೆಚ್ಚು. ಇವು ಎಲ್ಲಾ ರ್ಯಾಡಿಕಲ್ ಕಂಡ್ರ ಬಿಡದಂಥಾ ಅಣುಗಳು, ಗಂಧಕ ಇದ್ದದ್ದು ಗಂಧಕದ ಕಡೆ, ಉಂಗುರ ಇದ್ದದ್ದು ಉಂಗುರದ ಕಡೆ ಹೊಡತಾ ತಗೋತಾವು. ಹಂಗಂತ ಆರ್‌ಪಿಎಂಐದಾಗ ಯಾವಾಗ್ಲೂ ಸೆಲ್ ಜಾಸ್ತಿ ಸಾಯ್ತಾವು ಅಂತ ಹೇಳಾಕ ಬರಂಗಿಲ್ಲ, ಸೆಲ್ ತಾನೂ ಬದಲಾಗತೈತಿ, ಗ್ಲೂಕೋಸ್ ಲೀಟರಿಗೆ 4.5 ಗ್ರಾಂ ಉಂಡ ಸೆಲ್ಲು ಮತ್ತ 2 ಗ್ರಾಂ ಉಂಡ ಸೆಲ್ಲು ಒಂದ ತಾಕತ್ತಿನಾವಲ್ಲ.

ಆರ್‌ಪಿಎಂಐದಾಗ ಒಂದು ಗುಪ್ತ ಪೆಟ್ಟು ಐತಿ ನೋಡ್ರಿ, ಕ್ಯಾಲ್ಸಿಯಂ ನೈಟ್ರೇಟ್ ಲೀಟರಿಗೆ 100 ಮಿಲಿಗ್ರಾಂ ಹಾಕಿರತಾರ, ಅಂದ್ರ ಪ್ಲಾಸ್ಮಾ ಹಚ್ಚೂಕಿಂತ ಮೊದಲ ಅದರಾಗ 0.8 ಮಿಲಿಮೋಲಾರ್ ಮ್ಯಾಲ ನೈಟ್ರೇಟ್ ಕುಂತಿರತೈತಿ. ನೀವು ಪ್ಲಾಸ್ಮಾದಿಂದ ಎಷ್ಟು ನೈಟ್ರೇಟ್ ಬಂತು ಅಂತ ಅಳಿಯಾಕ ಹೋದ್ರ ಆ ಹಳೇದ ತುಂಬಿ ತುಳುಕತೈತಿ. ನೈಟ್ರೈಟ್ ಅಷ್ಟ ಗ್ರೀಸ್ ರಿಯೇಜೆಂಟಿನಾಗ ಅಳದ್ರ ಅಡ್ಡಿಯಿಲ್ಲ. ನೈಟ್ರೇಟೂ ಬೇಕಂದ್ರ ಡಿಎಂಇಎಂ ಛಲೋ, ಅದರಾಗ ಕಬ್ಬಿಣದ ನೈಟ್ರೇಟ್ ಲೀಟರಿಗೆ 0.1 ಮಿಲಿಗ್ರಾಂ ಮಾತ್ರ.

ಅಮೈನೋ ಆಸಿಡ್ ಒಳಗ ಇನ್ನೊಂದು ಮಾತು, ಸಿಸ್ಟೀನ್ ಬ್ಯಾರೆ, ಸಿಸ್ಟಿನ್ ಬ್ಯಾರೆ. ಎರಡು ಸಿಸ್ಟೀನ್ ಕೈ ಕೈ ಹಿಡಕೊಂಡು ಕುಂತ್ರ ಅದು ಸಿಸ್ಟಿನ್, ಅದರ ಕೈ ಖಾಲಿ ಇರಂಗಿಲ್ಲ ಅಂತ ಪೆರಾಕ್ಸೈಡ್ ಜೋಡಿ ಅಷ್ಟು ಲಗೂನ ಕೂಡಂಗಿಲ್ಲ. ಡಿಎಂಇಎಂ, ಆರ್‌ಪಿಎಂಐ ಎರಡರಾಗೂ ಇರೋದು ಸಿಸ್ಟಿನ್. ಆದ್ರ ಹ್ಯಾಮ್ಸ್ ಎಫ್12 ಅನ್ನೋ ಮೀಡಿಯಾದೊಳಗ ಬಿಡಿ ಸಿಸ್ಟೀನ್ ಐತಿ, ಪೈರುವೇಟೂ 110 ಮಿಲಿಗ್ರಾಂ ಐತಿ, ಅಂದ್ರ ಎರಡು ಕಡಿಂದ ಕಡಿತ. ಡಿಎಂಇಎಂ ಮತ್ತ ಎಫ್12 ಅರ್ಧರ್ಧ ಕೂಡಿಸಿದ್ದು ಬಳಸೋರು ಅದನ್ನ ನೆನಪಿಟ್ಕೋರಿ. ಅಲ್ಫಾ ಎಂಇಎಂದಾಗ ಪೈರುವೇಟ್ ಅಷ್ಟ ಅಲ್ಲ ವಿಟಮಿನ್ ಸಿ ಕೂಡ ಐತಿ. ಇವೆಲ್ಲಾಕ್ಕಿಂತ ದೊಡ್ಡದು ಲೀಬೋವಿಟ್ಝ್ ಎಲ್15, ಅದರಾಗ ಪೈರುವೇಟ್ ಲೀಟರಿಗೆ 550 ಮಿಲಿಗ್ರಾಂ, 5 ಮಿಲಿಮೋಲಾರ್! ಇದು ಯಾಕ ಹೇಳಾಕತ್ತೀನಿ ಅಂದ್ರ ಸ್ತನ ಕ್ಯಾನ್ಸರಿನ ಎಂಡಿಎ-ಎಂಬಿ-231 ಸೆಲ್ಲಿಗೆ ಸೆಲ್ ಬ್ಯಾಂಕ್ ಮಂದಿ ಹೇಳೋ ಮೀಡಿಯಾ ಎಲ್15. ಅದನ್ನ ಎಲ್15ನಾಗ ಇಟ್ಟು, ಎಂಸಿಎಫ್-7 ಅನ್ನೋ ಇನ್ನೊಂದು ಸ್ತನ ಕ್ಯಾನ್ಸರ್ ಸೆಲ್ಲನ್ನ ಪೈರುವೇಟ್ ಇಲ್ಲದ ಮೀಡಿಯಾದಾಗ ಇಟ್ಟು, ಎರಡಕ್ಕೂ ಜೆಟ್ ಹಿಡಿದು 231 ಗಟ್ಟಿ ಐತಿ ನೋಡ್ರಿ ಅಂತ ಬರದ್ರ ಅದು ಸೆಲ್ಲಿನ ಗಟ್ಟಿತನ ಅಲ್ಲ, ಬಾಟ್ಲಿಯ ಗಟ್ಟಿತನ.

ಇದ ಮಾತು ಇನ್ನೂ ಗಂಭೀರ ಆಗೋದು ನಾರ್ಮಲ್ ಸೆಲ್ಲಿನ ವಿಷಯದಾಗ. ಪ್ಲಾಸ್ಮಾ ಕ್ಯಾನ್ಸರ್ ಸೆಲ್ಲನ್ನ ಅಷ್ಟ ಕೊಲ್ಲತೈತಿ, ಛಲೋ ಸೆಲ್ಲನ್ನ ಬಿಡತೈತಿ ಅಂತ ಎಲ್ಲಾ ಕಡೆ ಓದ್ತೀವಿ, ನಮಗೂ ಅದು ಖರೆ ಆಗಲಿ ಅನ್ನೋ ಆಸೆ. ನನಗಂತೂ ಭಾಳ ಆಸೆ, ನಮ್ಮ ಕಾಕಾಗ ಬಾಯಿ ಕ್ಯಾನ್ಸರ್ ಆಗಿ ಅರ್ಧ ದವಡಿ ತಗದ್ರು, ನಿಪ್ಪಾಣಿ ಕಡೆ ತಂಬಾಕಿನ ಊರಾಗ ಇಂಥಾ ಮನಿ ಒಂದಲ್ಲ. ಆದ್ರ ನಾರ್ಮಲ್ ಸೆಲ್ಲಿಗೆ ಹಾಕೋ ಮೀಡಿಯಾ ಸಾಮಾನ್ಯ ಬ್ಯಾರೆ ಇರತೈತಿ, ಅದರಾಗ ಪೈರುವೇಟ್ ಇರಬಹುದು, ಸೀರಂ ಹೆಚ್ಚು ಇರಬಹುದು, ಬ್ಯಾರೆ ಸಪ್ಲಿಮೆಂಟ್ ಇರಬಹುದು, ಆಗ ಅದು ಉಳಿದದ್ದು ತಾನು ಛಲೋ ಸೆಲ್ ಅಂತಲ್ಲ, ಅದರ ಅನ್ನದಾಗ ಮದ್ದು ಇತ್ತು ಅಂತ. ಬೆಲ್ಜಿಯಂ ಆಂಟ್ವರ್ಪಿನ ತಂಡ ಇದನ್ನ ಸೆಲ್ಲೂ ಮೀಡಿಯಾನೂ ಬದಲಿ ಮಾಡಿ ಮಾಡಿ ತೋರಿಸೈತಿ, ಮೀಡಿಯಾ ಬದಲಾದ್ರ ಸೆಲೆಕ್ಟಿವ್ ಅನ್ನೋ ತೀರ್ಮಾನಾನ ಬದಲಾಗತೈತಿ. ಅದಕ್ಕ ಎರಡೂ ಸೆಲ್ಲಿಗೆ ಬೆಳೆಸೂವಾಗ ಅದರದರ ಮೀಡಿಯಾ ಇರಲಿ, ಜೆಟ್ ಹಿಡಿಯೂವಾಗ ಮಾತ್ರ ಎರಡಕ್ಕೂ ಒಂದ ಬಾಟ್ಲಿಯಿಂದ ಹಾಕ್ರಿ. ಮತ್ತ ಸೆಲ್ ಎಣಿಸಿ ಹಾಕ್ರಿ, ಗುಂಡಿಯಾಗ ಸೆಲ್ ಜಾಸ್ತಿ ಇದ್ರ ಅವ ಸೇರಿ ಪೆರಾಕ್ಸೈಡ್ ತಿಂದು ಮುಗಸ್ತಾವು.

ಸೀರಂ ಬಗ್ಗೆ ದೊಡ್ಡ ಜಗಳ ಐತಿ. ಹತ್ತು ಪರ್ಸೆಂಟ್ ಎಫ್‌ಬಿಎಸ್, ಅಂದ್ರ ಹುಟ್ಟದ ಕರುವಿನ ರಕ್ತದ ಸೀರಂ, ಹಾಕಿದ್ರ ಅದರಾಗಿನ ಅಲ್ಬುಮಿನ್ ಮತ್ತ ಉಳಿದ ಪ್ರೋಟೀನು ರ್ಯಾಡಿಕಲ್ ಎಲ್ಲಾ ಹೀರತಾವು, ಅಲ್ಬುಮಿನಿನಾಗ ಒಂದು ಬಿಡಿ ಗಂಧಕದ ಕೈ ಇರತೈತಿ ಅದೂ ಆಕ್ಸಿಡೈಸ್ ಆಗತೈತಿ, ಒಟ್ಟಾರೆ ಪರಿಣಾಮ ಕಡಿಮಿ ಆಗತೈತಿ. ಸೀರಂ ತಗದ್ರ ಸೆಲ್ ಲಗೂನ ಸಾಯತಾವು, ಗ್ರಾಫ್ ಚಂದ ಬರತೈತಿ. ಆದ್ರ ಮೈಯಾಗ ಯಾವ ಗಡ್ಡಿನೂ ಸೀರಂ ಇಲ್ಲದ ನೀರಾಗ ಕುಂತಿರಂಗಿಲ್ಲ, ಸುತ್ತ ಪ್ರೋಟೀನು ಇದ್ದ ಇರತೈತಿ. ನಾನು ಮಾಡೋದು ಹಿಂಗ: ಯಾವ ಅಣು ಏನು ಮಾಡತೈತಿ ಅಂತ ತಿಳ್ಕೋಬೇಕಂದ್ರ ಸೀರಂ ಬಿಟ್ಟು ಮಾಡತೀನಿ, ಸೆಲ್ ಸಾಯ್ತಾವ ಇಲ್ಲ ಅಂತ ದಾವಾ ಮಾಡಬೇಕಂದ್ರ ಸೀರಂ ಇಟ್ಟೂ ಒಂದ್ ಸಲ ಮಾಡತೀನಿ, ಎರಡೂ ಬರೀತೀನಿ. ಸೀರಂ ಲಾಟ್ ಬದಲಾದ್ರ ಹಳೇ ಲೆಕ್ಕ ಹೊಸಾದಕ್ಕ ಕೂಡಂಗಿಲ್ಲ, ಒಂದು ಪ್ರಯೋಗ ಮುಗಿಯೂತನಕ ಒಂದ ಲಾಟ್ ತಗದಿಡ್ರಿ.

ಫಿನಾಲ್ ರೆಡ್ಡಿನ ಬಗ್ಗೆ ಸಣ್ಣ ಮಾತು, ಡಿಎಂಇಎಂದಾಗ ಲೀಟರಿಗೆ 15 ಮಿಲಿಗ್ರಾಂ, ಆರ್‌ಪಿಎಂಐದಾಗ 5. ಸೆಲ್ಲಿಗೆ ಅದರಿಂದ ದೊಡ್ಡ ಫರಕು ಇಲ್ಲ, ಆದ್ರ ಪೆರಾಕ್ಸೈಡ್ ಅಳಿಯೋ ಟೈಟಾನಿಯಂ ಪರೀಕ್ಷೆ ಹಳದಿ ಬಣ್ಣದ ಮ್ಯಾಲ ನಡಿಯೋದು, ಗ್ರೀಸ್ ಪರೀಕ್ಷೆ ಗುಲಾಬಿ ಮ್ಯಾಲ ನಡಿಯೋದು, ಮೀಡಿಯಾದ ಬಣ್ಣ ಎರಡರ ನಡುವೂ ತಲಿ ಹಾಕತೈತಿ. ಅಳತಿ ಮಾಡೋದಿದ್ರ ಫಿನಾಲ್ ರೆಡ್ ಇಲ್ಲದ್ದು ತಗೋರಿ, ಅಷ್ಟ. ಇನ್ನ ಹೆಪಿಸ್ ಅನ್ನೋ ಬಫರ್ ಹಾಕಿದ ಮೀಡಿಯಾ ಟೇಬಲ್ ಮ್ಯಾಲ ಬೆಳಕಿನಾಗ ಬಿಡಬ್ಯಾಡ್ರಿ, ಅದೂ ಮೀಡಿಯಾದಾಗಿನ ರೈಬೋಫ್ಲೇವಿನ್ ವಿಟಮಿನ್ನೂ ಬೆಳಕೂ ಮೂರು ಕೂಡಿದ್ರ ಪ್ಲಾಸ್ಮಾ ಇಲ್ದನ ಪೆರಾಕ್ಸೈಡ್ ಹುಟ್ಟತೈತಿ, ಕಂಟ್ರೋಲ್ ಗುಂಡಿ ಕೆಡತೈತಿ.

ಈಗ ಸಾದಾ ದ್ರಾವಣಗಳು. ಪಿಬಿಎಸ್, ಅಂದ್ರ ಫಾಸ್ಫೇಟ್ ಬಫರ್ ಹಾಕಿದ ಉಪ್ಪುನೀರು, ಅದರಾಗ ತಿನ್ನೋ ಸಾಮಾನು ಏನೂ ಇಲ್ಲ, ಹಂಗಾಗಿ ಪೆರಾಕ್ಸೈಡ್ ಹುಟ್ಟಿದಷ್ಟೂ ಉಳೀತೈತಿ, ಪಿಎಚ್ ಕೂಡ ಫಾಸ್ಫೇಟ್ ಹಿಡಿದಿಟ್ಟುಕೋತೈತಿ. ಜೆಟ್ಟಿನ ತಾಕತ್ತು ಅಳಿಯಾಕ, ಎರಡು ಜೆಟ್ ಹೋಲಿಸಾಕ, ಇವತ್ತಿನದು ನಿನ್ನಿನದು ತಾಳಿ ನೋಡಾಕ ಇದರಷ್ಟು ಛಲೋ ಯಾವುದೂ ಇಲ್ಲ. ಆದ್ರ ಸೆಲ್ಲಿಗೆ ಊಟ ಇಲ್ಲ, ಮಾಮೂಲಿ ಪಿಬಿಎಸ್‌ನಾಗ ಕ್ಯಾಲ್ಸಿಯಂ ಇಲ್ಲ, ಬಾಳೊತ್ತು ಬಿಟ್ರ ಸೆಲ್ ತಳ ಬಿಟ್ಟು ಎದ್ದು ಬರತಾವು, ಅದನ್ನ ಪ್ಲಾಸ್ಮಾ ಕೊಂದದ್ದು ಅಂತ ತಿಳಕೋಬಹುದು. ಜೆಟ್ ಹಿಡಿದು ಸ್ವಲ್ಪ ಹೊತ್ತಿಗೆ ತಗದು ಮೀಡಿಯಾ ಹಾಕೋದಿದ್ರ ಅಷ್ಟ ಪಿಬಿಎಸ್.

ನಾರ್ಮಲ್ ಸಲೈನ್, ಅಂದ್ರ 0.9 ಪರ್ಸೆಂಟ್ ಉಪ್ಪುನೀರು, ಅದನ್ನ ನಾನು ಸೂಚಿಸಂಗಿಲ್ಲ. ಬಫರ್ ಇಲ್ಲ, ಪ್ಲಾಸ್ಮಾದ ನೈಟ್ರಸ್ ನೈಟ್ರಿಕ್ ಆಸಿಡ್ ಬಿದ್ದ ಕೂಡಲೆ ಪಿಎಚ್ ಕೆಳಗ ಇಳೀತೈತಿ, ಹುಳಿ ಆದಾಗ ಪೆರಾಕ್ಸೈಡೂ ನೈಟ್ರೈಟೂ ಕೂಡಿ ಪೆರಾಕ್ಸಿನೈಟ್ರಸ್ ಆಸಿಡ್ ಆಗತೈತಿ, ಅಲ್ಲಿ ಸೆಲ್ ಸತ್ತದ್ದು ಹುಳಿಗೋ ಪೆರಾಕ್ಸೈಡಿಗೋ ಅಂತ ಬಿಡಿಸೋದು ಕಠಿಣ. ಬ್ಯಾಕ್ಟೀರಿಯಾ ಕೊಲ್ಲೋ ಕೆಲಸಕ್ಕ ಅದ ಗುಣ ಛಲೋ, ನಮ್ಮ ಕೆಲಸಕ್ಕ ಅಲ್ಲ.

ರಿಂಗರ್ ಲ್ಯಾಕ್ಟೇಟ್, ದವಾಖಾನಿಯಾಗ ಆರ್‌ಎಲ್ ಅಂತಾರಲ್ಲ, ಅದು ಬ್ಯಾರೆನ ಕಥಿ. ಜಪಾನಿನ ನಗೋಯಾ ಯೂನಿವರ್ಸಿಟಿಯ ತನಾಕಾ ಮತ್ತ ಅವರ ಜೋಡಿನವರು 2011ರಾಗ ಪ್ಲಾಸ್ಮಾ ಹಿಡಿದ ಮೀಡಿಯಾನ ಸೆಲ್ ಮ್ಯಾಲ ಹಾಕಿದ್ರೂ ಮಿದುಳಿನ ಕ್ಯಾನ್ಸರ್ ಸೆಲ್ ಸಾಯ್ತಾವು ಅಂತ ತೋರಿಸಿದ್ರು, ಜೆಟ್ ನೇರ ಬೇಕಾಗಿಲ್ಲ. ಆದ್ರ ಡಿಎಂಇಎಂನ ಮನುಷ್ಯಾಗ ಚುಚ್ಚಾಕ ಆಗಂಗಿಲ್ಲ, ಅದಕ್ಕ 2016ರ ಹೊತ್ತಿಗೆ ಅವರ ರಿಂಗರ್ ಲ್ಯಾಕ್ಟೇಟಿಗೆ ಪ್ಲಾಸ್ಮಾ ಹಚ್ಚಿದ್ರು. ಅದರಾಗಿನ ಲ್ಯಾಕ್ಟೇಟ್ ಸುಮಾರು 28 ಮಿಲಿಮೋಲಾರ್, ಪ್ಲಾಸ್ಮಾ ಹತ್ತಿದಾಗ ಆ ಲ್ಯಾಕ್ಟೇಟ್ ತಾನ ಹೊಸ ಅಣು ಆಗಿ ಕ್ಯಾನ್ಸರ್ ಸೆಲ್ ಮ್ಯಾಲ ಕೆಲಸ ಮಾಡತೈತಿ ಅಂತ ಅವರು ಕಂಡ್ರು. ಅಂದ್ರ ಇಲ್ಲೆ ದ್ರಾವಣದ ಸಾಮಾನು ಪ್ಲಾಸ್ಮಾನ ತಿಂದು ಸುಮ್ನ ಕುಂದ್ರಂಗಿಲ್ಲ, ಮದ್ದಾಗತೈತಿ. ನನಗ ಈ ಇಡೀ ವಿಷಯದಾಗ ಭಾಳ ಹಿಡಿಸಿದ ಸಂಗತಿ ಇದ. ಜಮಖಂಡಿಯಂಥಾ ಊರಿನ ಮೆಡಿಕಲ್ ಶಾಪಿನಾಗೂ 500 ಎಂಎಲ್ ಆರ್‌ಎಲ್ ಬಾಟ್ಲಿ ಸಿಗತೈತಿ, ರೊಕ್ಕಾನೂ ಕಡಿಮಿ, ಸ್ಟರೈಲ್ ಇರತೈತಿ. ಮುಂದ ಪೇಶಂಟ್ ತನಕ ಒಯ್ಯೋ ವಿಚಾರ ಇದ್ದ ಕೆಲಸಕ್ಕ ಇದನ್ನ ಹಿಡೀರಿ ಅಂತೀನಿ. ಹಂಗಂತ ಆ ಬಾಟ್ಲಿಗೆ ಜೆಟ್ ಹಿಡಿದು ಯಾರಿಗೂ ಹಚ್ಚೂದಲ್ರಿ, ಇದು ಲ್ಯಾಬಿನ ಮಾತು ಅಷ್ಟ, ಕ್ಯಾನ್ಸರಿಗೆ ಡಾಕ್ಟರ್ ಹೇಳಿದ ಆಪರೇಷನ್, ರೇಡಿಯೇಷನ್, ಕೀಮೋ ಬಿಟ್ಟು ಇದರ ಹಿಂದ ಹೋಗಬ್ಯಾಡ್ರಿ.

ಪ್ಲಾಸ್ಮಾ ಹಿಡಿದ ಮೀಡಿಯಾ ಮಾಡಿಟ್ಟು ನಾಳೆ ಬಳಸೋರಿಗೆ ಇನ್ನೊಂದು ಲೆಕ್ಕ ಐತಿ. ಅಮೇರಿಕಾದ ಜಾರ್ಜ್ ವಾಷಿಂಗ್ಟನ್ ಯೂನಿವರ್ಸಿಟಿಯ ಕೀಡಾರ್ ಅವರ ತಂಡ ನೋಡಿದ್ದು ಏನಂದ್ರ ಸಿಸ್ಟೀನ್ ಮತ್ತ ಮೆಥಿಯೋನಿನ್ ಇದ್ದ ಮೀಡಿಯಾದಾಗ ಪೆರಾಕ್ಸೈಡ್ ಇಟ್ಟಲ್ಲೇ ಕರಗತೈತಿ, ಮಾಮೂಲಿ ಫ್ರಿಜ್ಜಿನಾಗೂ, ಮೈನಸ್ 20ರ ಹತ್ತಿರದ ಡೀಪ್ ಫ್ರೀಜರಿನಾಗೂ ಅದು ನಿಲ್ಲಂಗಿಲ್ಲ. ಮೈನಸ್ 80 ಬೇಕು. ನಮ್ಮ ಕಡೆ ಬ್ಯಾಸಿಗಿಯಾಗ ಕರೆಂಟ್ ಹೋಗಿ ಬಂದು ಮಾಡತಿರತೈತಿ, ಫ್ರೀಜರ್ ಮ್ಯಾಲ ಭರೋಸಾ ಇಟ್ಟು ವಾರದ್ದು ಒಮ್ಮೆ ಮಾಡಿಡೂಕಿಂತ ಅವತ್ತಿಂದು ಅವತ್ತ ಮಾಡಿ ಅವತ್ತ ಹಾಕೋದು ಛಲೋ. ಇಡಾಕ ಬೇಕಂದ್ರ ಪಿಬಿಎಸ್‌ನಾಗ ಮಾಡಿಡ್ರಿ, ಅಮೈನೋ ಆಸಿಡ್ ಇಲ್ಲ ಅಂತ ಪೆರಾಕ್ಸೈಡ್ ಜಾಸ್ತಿ ದಿನ ನಿಲ್ಲತೈತಿ.

ಮಳಿ ಮಾತು ಬಂತಲ್ಲ ಮೊದಲಿಗೆ, ಅದು ಪೂರಾ ಸುಳ್ಳಲ್ಲ. ಜರ್ಮನಿ ಗ್ರೈಫ್ಸ್‌ವಾಲ್ಡಿನವರು ತೋರಿಸ್ಯಾರ, ಗ್ಯಾಸಿನಾಗ ನೀರಿನ ಅಂಶ ಹೆಚ್ಚಾದಂಗ ದ್ರಾವಣದಾಗ ಪೆರಾಕ್ಸೈಡ್ ಹೆಚ್ಚಾಗತೈತಿ, ಪ್ಲಾಸ್ಟಿಕ್ ಪೈಪ್ ಮೂಲಕಾನೂ ತೇವ ಒಳಗ ಹೊಕ್ಕತೈತಿ. ಬೆಳಗಾವಿ ಜುಲೈನಾಗ ಮಾಡಿದ್ದು ವಿಜಯಪುರದ ಏಪ್ರಿಲ್ ಬಿಸಲಾಗ ಮಾಡಿದ್ದು ಒಂದ ಬರಬೇಕು ಅಂತ ಹಟ ಹಿಡೀಬ್ಯಾಡ್ರಿ. ಬೆಳಗಾವಿಯ ಉದ್ಯಮಬಾಗದಾಗ ವೆಲ್ಡಿಂಗಿಗೆ ಸಿಗೋ ಆರ್ಗಾನ್ ಅಗ್ಗ ಆಗತೈತಿ ಖರೆ, ಆದ್ರ ಶುದ್ಧತಿ ಕೇಳಿ ತಗೋರಿ, 99.999 ಅಂತ ಬರದಿದ್ದು. ಅದಕ್ಕ ಪ್ರತಿ ದಿನ ಕೆಲಸ ಶುರು ಮಾಡೋ ಮುಂದ ಒಂದ್ ಮಿಲಿ ಪಿಬಿಎಸ್‌ಗೆ ಎರಡು ಮಿನಿಟು ಜೆಟ್ ಹಿಡಿದು ಪೆರಾಕ್ಸೈಡ್ ಅಳದು ಪುಸ್ತಕದಾಗ ಬರದಿಡತೀನಿ. ನಮ್ಮ ಜೆಟ್ಟಿನ ದಿನದ ಜ್ವರ ನೋಡಿದಂಗ. ಗ್ಯಾಸ್ ಬೀಸಿ ಬೀಸಿ ಗುಂಡಿಯಾಗಿನ ನೀರೂ ಆರತೈತಿ, ತೂಕ ನೋಡಿ ಆರಿದಷ್ಟು ಸ್ಟರೈಲ್ ನೀರು ಹಾಕ್ರಿ, ಇಲ್ಲಂದ್ರ ಉಪ್ಪು ಜಾಸ್ತಿ ಆಗಿ ಸೆಲ್ ಮುದುಡತಾವು. ಅರ್ಧ ಮಿಲಿಗೆ ಎರಡು ಮಿನಿಟು ಹಿಡಿಯೋದೂ ಒಂದ್ ಮಿಲಿಗೆ ಎರಡು ಮಿನಿಟು ಹಿಡಿಯೋದೂ ಒಂದಲ್ಲ, ಅರ್ಧ ಮಿಲಿಯಾಗ ಹೆಚ್ಚು ಕಡಿಮಿ ದುಪ್ಪಟ್ಟು ಡೋಸ್.

ಎರಡು ಕಂಟ್ರೋಲ್ ಮಾತ್ರ ಯಾವ ಮೀಡಿಯಾ ಹಿಡದ್ರೂ ಬಿಡಬ್ಯಾಡ್ರಿ. ಒಂದು, ಪೆರಾಕ್ಸೈಡ್ ಒಡಿಯೋ ಎನ್‌ಝೈಮ್ ಕ್ಯಾಟಲೇಸ್ ಹಾಕಿದ ಗುಂಡಿ. ಅಲ್ಲಿ ಸೆಲ್ ಉಳದ್ರ ಕೊಂದದ್ದು ಪೆರಾಕ್ಸೈಡ್. ಇನ್ನೊಂದು, ಪ್ಲಾಸ್ಮಾ ಇಲ್ದ ಬರೇ ಬಾಟ್ಲಿ ಪೆರಾಕ್ಸೈಡನ್ನ ಅಳದು ಅಷ್ಟ ಪ್ರಮಾಣ ಹಾಕಿದ ಗುಂಡಿ, ಆದ್ರ ನೈಟ್ರೈಟ್ ಜೋಡಿನೂ ಒಂದು. ಪ್ಲಾಸ್ಮಾದ್ದೂ ಇದೂ ಒಂದ ಬಂದ್ರ ನಿಮ್ಮ ದುಬಾರಿ ಜೆಟ್ ಆ ಪ್ರಯೋಗದಾಗ ಪೆರಾಕ್ಸೈಡ್ ಮಾಡೋ ಮಶೀನು ಅಂತ ತಿಳೀರಿ, ಬ್ಯಾರೆ ಬಂದ್ರ ಅಲ್ಲೆ ನಿಮ್ಮ ಹೊಸ ಕೆಲಸ ಶುರು.

ಹಂಗಾದ್ರ ಯಾವುದು ಹಿಡೀಬೇಕು ಅಂತ ನಮ್ಮ ಜೂನಿಯರ್ ಹುಡುಗಿ ಅಕ್ಕಾ ಅಂತ ಬಂದು ಕೇಳಿದ್ರ ನಾನು ಹೇಳೋದು: ದಿನದ ಕೆಲಸಕ್ಕ ಪೈರುವೇಟ್ ಇಲ್ಲದ, ಫಿನಾಲ್ ರೆಡ್ ಇಲ್ಲದ ಡಿಎಂಇಎಂ. ರಕ್ತದ ಕ್ಯಾನ್ಸರ್ ಸೆಲ್ ಇದ್ರ ಆರ್‌ಪಿಎಂಐ, ನೈಟ್ರೇಟ್ ಲೆಕ್ಕ ಬಿಟ್ಟು. ಜೆಟ್ ತೂಗಾಕ ಪಿಬಿಎಸ್. ದವಾಖಾನಿ ಕಡೆ ಮುಖ ಮಾಡಿದ ಕೆಲಸಕ್ಕ ಆರ್‌ಎಲ್. ಎಫ್12, ಅಲ್ಫಾ ಎಂಇಎಂ, ಎಲ್15 ಬೆಳೆಸಾಕ ಇರಲಿ, ಜೆಟ್ ಕೆಳಗ ಬ್ಯಾಡ.

ಈಗಾಗ್ಲೇ ಪೈರುವೇಟ್ ಇದ್ದ ಡಿಎಂಇಎಂ ಪೆಟ್ಟಿಗಿ ತರಿಸಿಟ್ಟಿದ್ರ ಅದನ್ನ ಚೆಲ್ಲಬ್ಯಾಡ್ರಿ, ಸೆಲ್ ಬೆಳೆಸಾಕ ಬಳಸ್ರಿ. ಜೆಟ್ ಹಿಡಿಯೂವಾಗ ಆ ಮೀಡಿಯಾ ತಗದು, ಪಿಬಿಎಸ್‌ನಿಂದ ಎರಡ್ ಸಲ ತೊಳದು, ಪೈರುವೇಟ್ ಇಲ್ಲದ್ದನ್ನ ಹಾಕ್ರಿ. ಮುಂದಿನ ಸಲ ಆರ್ಡರ್ ಕೊಡೂವಾಗ ಬರೇ ಡಿಎಂಇಎಂ ಅಂತ ಬರೀಬ್ಯಾಡ್ರಿ, ಡಿಎಂಇಎಂ ಹೈ ಗ್ಲೂಕೋಸ್, ಸೋಡಿಯಂ ಪೈರುವೇಟ್ ಬ್ಯಾಡ, ಫಿನಾಲ್ ರೆಡ್ ಬ್ಯಾಡ ಅಂತ ಪೂರಾ ಬರೀರಿ, ಬಂದ ಬಾಟ್ಲಿ ಮ್ಯಾಲಿನ ಕ್ಯಾಟಲಾಗ್ ನಂಬರ್ ತಾಳಿ ನೋಡಿ ಆಮ್ಯಾಲ ಸಹಿ ಹಾಕ್ರಿ. ನಮ್ಮ ಲ್ಯಾಬಿನಾಗ ಈಗ ಪೈರುವೇಟ್ ಇದ್ದ ಬಾಟ್ಲಿ ಮುಚ್ಚಳಕ್ಕ ಹಸರು ಟೇಪ್ ಸುತ್ತತೀವಿ, ಹಸರು ಟೇಪಿನ ಬಾಟ್ಲಿ ಜೆಟ್ ಇರೋ ಖೋಲಿಯೊಳಗ ಬರಂಗಿಲ್ಲ.